ನಲವತ್ತೊಂದು ಹೆಬ್ಬೆಟ್ಟು

ಪ್ರಿಸಿಲ್ಲಾ ಅಕ್ಕೋರು ಹಳೆಯ ಕ್ಯಾಲೆಂಡರಿನ ಹಾಳೆಯನ್ನು ಉದ್ದಕ್ಕೆ ಮಡಚಿದರು. ಮಡಿಕೆಯ ಮೇಲೆ ಉಗುರಿನಿಂದ ಗೀರಿದರು. ನಾಲಿಗೆಯ ತುದಿಗೆ ಬೆರಳು ತಾಗಿಸಿ, ಆ ಒದ್ದೆಯನ್ನು ಗೆರೆಯುದ್ದಕ್ಕೂ ಎಳೆದು, ಎರಡು ಕೈಯಲ್ಲಿ ಹಿಡಿದು ಮೆಲ್ಲಗೆ ಜಗ್ಗಿದರು. ಹಾಳೆ ಸದ್ದಿಲ್ಲದೆ ಎರಡಾಯಿತು. ಹಾಗೆ ಮಾಡಿದ ಪಟ್ಟಿಗಳನ್ನು ಮೇಜಿನ ಮೇಲೆ ಸಾಲಾಗಿ ಇಡುತ್ತ ಹೋದರು.

ನೆಲದ ಮೇಲೆ ಕೂತ ರಂಜಿತಾ ಟ್ರಂಕಿನಿಂದ ಒಂದೊಂದೇ ಕಾಗದ ತೆಗೆದು, ಹಳೆಯ ಪಂಚೆಯ ತುಂಡಿನಿಂದ ಒರೆಸಿ, ನಡುವೆ ಒಂದು ಪಟ್ಟಿ ಸಿಕ್ಕಿಸಿ, ಪಕ್ಕಕ್ಕೆ ಇಡುತ್ತಿದ್ದಳು. ಬೆಳಿಗ್ಗೆ ಹತ್ತಕ್ಕೆ ಶುರು ಮಾಡಿದ ಕೆಲಸ. ಮಧ್ಯಾಹ್ನ ಮೂರಾದರೂ ಇಬ್ಬರ ಬಾಯಿಂದಲೂ ಒಂದು ಮಾತು ಹೊರಟಿರಲಿಲ್ಲ.

ರಂಜಿತಾಳಿಗೆ ಅದು ಹೊಸದಲ್ಲ. ಮಿರ್ಜಾನದ ಹೊಳೆಕೇರಿಯ ರೇಷನ್ ಅಂಗಡಿಯಲ್ಲಿ ಅಕ್ಕಿ ತೂಗುವ ಹುಡುಗಿ ಅವಳು. ಏಳನೇ ಕ್ಲಾಸಿಗೆ ಶಾಲೆ ಬಿಟ್ಟವಳು. ಎದುರಿಗಿದ್ದವರು ಹತ್ತು ಮಾತಾಡಿದರೆ ಇವಳದು ಒಂದು. ಆದರೆ ಈ ದಿನ ಅವಳ ಮೌನಕ್ಕೆ ಕಾರಣ ಸಂಕೋಚವಲ್ಲ. ಆ ಕಾಗದಗಳು.

ಶಾಲೆಯಲ್ಲಿ ಕಲಿಸುತ್ತಿದ್ದ ಈ ಅಕ್ಕೋರ ತಂದೆ, ಸಭಾಪಾಲಕ ಎಲೀಯ ಕರ್ಕಡ ತೀರಿಕೊಂಡು ಇಪ್ಪತ್ತೈದು ವರ್ಷದ ಮೇಲಾಗಿತ್ತು. ಹೊನ್ನಾವರದ ಅವರ ಪುಟ್ಟ ಕ್ರೈಸ್ತ ದೇವಾಲಯಕ್ಕೆ ಬರುತ್ತಿದ್ದವರು ಹೆಚ್ಚೆಂದರೆ ಮೂವತ್ತು ಮನೆಯವರು. ಆದರೂ ಭಟ್ಕಳದಿಂದ ಕುಮಟೆಯವರೆಗೆ ‘ಪಾದ್ರಿ ಅಯ್ನೋರು’ ಎಂದರೆ ಸಾಕು, ದೋಣಿಯವರೂ ಕೂಲಿಯವರೂ ಎದ್ದು ನಿಲ್ಲುತ್ತಿದ್ದರಂತೆ. ಅಜ್ಜಿ ಹಾಗೆ ಹೇಳುವಾಗ ರಂಜಿತಾ ನಂಬಿರಲಿಲ್ಲ. ಸತ್ತವರ ಬಗ್ಗೆ ಯಾರು ತಾನೇ ಕೆಟ್ಟದ್ದು ಹೇಳುತ್ತಾರೆ?

ಈಗ ನಂಬಿದಳು.

ಒಂದು ಕಾಗದದಲ್ಲಿ ಚಾದಂಗಡಿಯವನೊಬ್ಬ, ‘ಇನ್ನು ಮುಂದೆ ನನ್ನ ಅಂಗಡಿಯಲ್ಲಿ ಎಲ್ಲ ಜಾತಿಯವರಿಗೂ ಒಂದೇ ಲೋಟ’ ಎಂದು ಬರೆದು ಸಹಿ ಹಾಕಿದ್ದ. ಹಿಂಬದಿಯಲ್ಲಿ ಪಾದ್ರಿಯ ಹೆಂಡತಿ ಪೆನ್ಸಿಲಿನಲ್ಲಿ ಗುರುತು ಹಾಕಿದ್ದರು: ಹೊರಗೆ ನಿಲ್ಲಿಸಿದವರ ಜೊತೆ ಇವರೂ ನಿಂತು, ಅವರಿಗೆ ಕೊಡುವ ತೆಂಗಿನ ಚಿಪ್ಪಿನಲ್ಲೇ ಹತ್ತೊಂಬತ್ತು ದಿನ ಚಾ ಕುಡಿದರು. ಇಪ್ಪತ್ತನೇ ದಿನ ಲೋಟ ಬಂತು.

ಇನ್ನೊಂದು ಕಟ್ಟಿನಲ್ಲಿ ಜೈಲಿನಿಂದ ಬರೆದ ಪತ್ರಗಳು. ಬದನೆ ಗಿಡಕ್ಕೆ ನೀರು ಹಾಕು, ಮಗಳ ಕೆಮ್ಮು ಹೇಗಿದೆ, ಬಾವಿ ಕೇಸಿನ ಸಾಕ್ಷಿಗಳನ್ನು ಯಾರಾದರೂ ಹೆದರಿಸಿದರೆ ನಮ್ಮ ಮನೆಯಲ್ಲೇ ಮಲಗಿಸಿಕೋ. ಮೂರೂ ಒಂದೇ ಸಾಲಿನಲ್ಲಿ.

ಅದರ ಕೆಳಗೆ ಹೊಳೆಕೇರಿಯ ಹೆಂಗಸರ ಹೇಳಿಕೆಗಳು. ಒಬ್ಬೊಬ್ಬರದೂ ಅವರವರ ಮಾತಿನಲ್ಲೇ. ಬರೆದುಕೊಂಡವರು ಒಂದಕ್ಷರ ತಿದ್ದಿರಲಿಲ್ಲ.

ರಂಜಿತಾಳ ಕೈ ಒಂದು ಹಾಳೆಯ ಮೇಲೆ ನಿಂತಿತು. ‘ಗಣಪಿ ಕೋಂ ಬೀರ ಅಂಬಿಗ.’ ಬೀರ ಅಂಬಿಗನ ಹೆಂಡತಿ ಗಣಪಿ, ಅವಳ ಅಜ್ಜಿ.

‘ನನ್ನ ಪ್ರಾಯ ನನಗೆ ಗೊತ್ತಿಲ್ಲ. ಹೊಳೆ ಗೊತ್ತು. ಅವ್ವಿ ಬಳಚು ತೆಗೀತಿತ್ತು, ನಾನು ತೆಗೀತೆ. ಹೊಳೆಗೆ ಬೇಲಿ ಹಾಕ್ದವ್ರು ಸಮುದ್ರಕ್ಕೆ ಎಂತ ಹಾಕ್ತ್ರು, ಕೇಳಿ ಹೇಳಿ.’

ಬಳಚು ಎಂಬ ಚಿಪ್ಪುಮೀನು ಆರಿಸಿಯೇ ಬದುಕಿದ ಅಜ್ಜಿಯ ದನಿ ಕೇಳಿದ ಹಾಗಾಯಿತು. ಅಜ್ಜಿ ಹೋಗಿ ಆರು ವರ್ಷ. ಒಂದು ಫೋಟೋ ಕೂಡ ಇಲ್ಲದ ಮನೆ ಅವರದು. ಅವಳ ಮಾತನ್ನು ಐವತ್ತು ವರ್ಷ ಈ ಮನೆಯವರು ಬೇವಿನ ಎಲೆಯ ನಡುವೆ ಜೋಪಾನ ಮಾಡಿದ್ದರು. ರಂಜಿತಾ ಹಾಳೆಯನ್ನು ಒರೆಸಲಿಲ್ಲ. ಎರಡೂ ಅಂಗೈಯ ಮೇಲೆ ಇಟ್ಟುಕೊಂಡು ಮತ್ತೊಮ್ಮೆ ಓದಿದಳು.

“ಎರಡು ಮೂಕಿಯರಿಗೆ ಎರಡು ಲೋಟ ಚಾ” ಎನ್ನುತ್ತ ಕುಪ್ಪ ಒಳಗೆ ಬಂದ. ಎಪ್ಪತ್ತೈದು ದಾಟಿದ ಆಳು. ಒಂದು ಕಾಲದಲ್ಲಿ ಪಾದ್ರಿಯನ್ನು ದೋಣಿಯಲ್ಲಿ ಹೊಳೆ ದಾಟಿಸುತ್ತಿದ್ದವನು. ಈಗ ಹಿತ್ತಿಲ ಕೋಣೆಯಲ್ಲಿ ಅವನ ವಾಸ. “ಗೋಡೆ ಗಡಿಯಾರಾದ್ರೂ ಟಿಕ್ ಟಿಕ್ ಅಂತದೆ. ನಿಮ್ಮದು ಅದೂ ಇಲ್ಲ.”

“ಲೋಟ ಅಲ್ಲಿಡು ಕುಪ್ಪಾ. ಕಾಗದದ ಹತ್ರ ಬೇಡ” ಎಂದರು ಅಕ್ಕೋರು.

“ನಂಗೆ ಗೊತ್ತಿಲ್ವಾ ಸಣ್ಣಬಾಯಿ? ಅಯ್ನೋರು ಬೈದದ್ದು ಒಂದೇ ಸಲ, ಅದೂ ಕಾಗದದ ಮೇಲೆ ಚಾ ಚೆಲ್ಲಿದ್ದಕ್ಕೆ.” ಅಕ್ಕೋರು ಅವನಿಗೆ ಈಗಲೂ ಸಣ್ಣಬಾಯಿ, ಮನೆಯ ಪುಟ್ಟ ಒಡತಿ. ಅವನು ಹೊಸ್ತಿಲಾಚೆ ಜಗಲಿಯಲ್ಲಿ ಕೂತು ಪೊರಕೆಗೆ ತೆಂಗಿನ ಗರಿ ಸವರತೊಡಗಿದ.

ರಂಜಿತಾ ಕೊನೆಯ ಕಟ್ಟಿಗೆ ಕೈ ಹಾಕಿದಳು. ಅವಳು ಬಂದದ್ದೇ ಅದಕ್ಕಾಗಿ. ಕೆಂಪು ಬಟ್ಟೆಯ ರಟ್ಟು ಹಾಕಿದ, ದಪ್ಪ ದಾರದಲ್ಲಿ ಹೊಲಿದ ಕಡತ. ಮೂವತ್ತು ವರ್ಷದ ಹಿಂದೆ ಅದನ್ನು ಹೊಲಿದಿದ್ದ ಭಟ್ಕಳದ ಬೈಂಡರ್ ಮೊಹಿದ್ದೀನ್ ಸಾಬರು ಮೊನ್ನೆ ಅವಳಿಗೆ ಹೇಳಿದ್ದಿಷ್ಟು: ನಾನು ಹೊಲಿದಾಗ ಇದರಲ್ಲಿ ಎರಡು ಅರ್ಜಿ ಇತ್ತು ಬೇಟಿ.

ಈಗ ಇದ್ದದ್ದು ಒಂದೇ.

ಫೋನು ನಡುಗಿತು. ಕುಮಟೆಯ ವಕೀಲೆ ವಿನುತಾ. ಹೊಳೆಕೇರಿಯ ಹೆಂಗಸರ ಕೇಸು ನಡೆಸುತ್ತಿರುವವರು ಅವರೇ.

“ರಂಜಿತಾ, ಸಿಕ್ತಾ?”

“ಒಂದು ಅರ್ಜಿ ಇದೆ ಅಕ್ಕ. ಇನ್ನೊಂದಿಲ್ಲ.”

“ಸೋಮವಾರ ಕೋರ್ಟಿಗೆ ಹಾಜರು ಮಾಡಬೇಕು ಮಾರಾಯ್ತಿ. ಅಲ್ಲಿಂದ ನೇರ ಬೆರಳಚ್ಚು ತಜ್ಞರ ಹತ್ರ ಹೋಗ್ತದೆ. ದೇವರಾಜನ ವಕೀಲರು ಹಟ ಹಿಡಿದು ಆರ್ಡರ್ ಮಾಡಿಸಿದ್ದಾರೆ. ಹೆಬ್ಬೆಟ್ಟಿನಲ್ಲಿ ಒಂದು ಹೆಚ್ಚುಕಮ್ಮಿ ಆದ್ರೂ ಹೊಳೆ ಹೋಯ್ತು ಅಂತ ತಿಳ್ಕೊ.”

“ಆತು ಅಕ್ಕ.”

ಹೊಳೆ ಹೋಯ್ತು. ಅಷ್ಟೇ ವಿಷಯ. ಹೊಳೆಕೇರಿಯ ಹೆಂಗಸರು ಇಳಿತದ ಹೊತ್ತಿಗೆ ಸೊಂಟದ ನೀರಿಗಿಳಿದು ಬಳಚು ಆರಿಸುವ ಕೆಸರ ಬಯಲನ್ನು ಸೀಗಡಿ ಸಾಕುವ ಕೆರೆಗಳ ಒಡೆಯ ದೇವರಾಜ ತನ್ನದೆಂದು ಬೇಲಿ ಹಾಕಿದ್ದ. ೧೯೭೪ರಲ್ಲೂ ಯಾರೋ ಹೀಗೇ ಹಾಕಿದ್ದರು. ಆಗ ಪಾದ್ರಿ ಬರೆದ ಅರ್ಜಿಯ ಮೇಲೆ, ನಲವತ್ತೊಂದು ಹೆಂಗಸರಿಗೂ ಅವರ ಸಂತತಿಗೂ ಬಳಚು ತೆಗೆಯಲು ಯಾರೂ ಅಡ್ಡಿ ಮಾಡಕೂಡದೆಂದು ಸರಕಾರ ಆದೇಶ ಕೊಟ್ಟಿತ್ತು. ಕಚೇರಿಯ ಕಡತ ಗೆದ್ದಲಿನ ಪಾಲಾಗಿತ್ತು. ಉಳಿದದ್ದು ಪಾದ್ರಿಯ ಮನೆಯ ಈ ಪ್ರತಿ, ಸೀಲು ಬಿದ್ದದ್ದು.

ದೇವರಾಜ ಎರಡು ಸಲ ಸೀಗಡಿಯ ಡಬ್ಬಿ ಹಿಡಿದು ಅಕ್ಕೋರ ಮನೆಗೂ ಬಂದಿದ್ದ. ಹಳೆ ಕಾಗದಕ್ಕೆ ಒಳ್ಳೆ ಬೆಲೆ ಕೊಡುತ್ತೇನೆ ಎಂದಿದ್ದ. ಕಾಣೆಯಾದ ಅರ್ಜಿಯನ್ನು ಕದ್ದವನು ಅವನೇ ಇರಬೇಕು ಎಂದು ರಂಜಿತಾಳಿಗೆ ಅನಿಸಿತು.

ಅವಳು ಅರ್ಜಿ ಬಿಚ್ಚಿದಳು. ನೀಲಿ ಹೆಬ್ಬೆಟ್ಟುಗಳು ಸಾಲು ಸಾಲಾಗಿ ಎದ್ದು ಬಂದವು. ಚಂದ ಇದ್ದವು. ಸುರುಳಿ ಸುರುಳಿ ಗೆರೆಗಳು, ಒಂದೂ ಅಳಿಸಿರಲಿಲ್ಲ.

ರಂಜಿತಾ ಮತ್ತೊಮ್ಮೆ ಬಗ್ಗಿ ನೋಡಿದಳು.

ಇವು ಹೊಳೆಕೇರಿಯ ಹೆಬ್ಬೆಟ್ಟಲ್ಲ.

ಅದನ್ನು ಹೇಳಲು ಅವಳಿಗೆ ಯಾವ ತಜ್ಞರೂ ಬೇಕಿರಲಿಲ್ಲ. ತಿಂಗಳು ತಿಂಗಳು ಆ ಕೇರಿಯ ಒಂದೊಂದು ಹೆಬ್ಬೆರಳನ್ನೂ ಹಿಡಿದು ಮಿಷನ್ನಿನ ಗಾಜಿನ ಮೇಲೆ ಒತ್ತಿಸಿದವಳು ಅವಳು. ಬಳಚು ಆರಿಸುವ ಹೆಂಗಸರ ಹೆಬ್ಬೆಟ್ಟು ಮಿಷನ್ನಿಗೆ ಬೀಳುವುದೇ ಇಲ್ಲ. ಚಿಪ್ಪಿನ ಅಂಚು, ಉಪ್ಪು ನೀರು, ಮರಳು ಮೂರೂ ಸೇರಿ ಹತ್ತು ವರ್ಷದಲ್ಲಿ ಬೆರಳಿನ ಗೆರೆ ತಿಂದುಹಾಕುತ್ತವೆ. ಮಿಷನ್ನು ಕುಂಯ್ ಎಂದು ಕೆಂಪು ದೀಪ ತೋರಿಸುತ್ತದೆ. ರಂಜಿತಾ ಬಿಸಿ ನೀರಲ್ಲಿ ತೊಳೆಸುತ್ತಾಳೆ, ಎಣ್ಣೆ ಸವರಿ ಒರೆಸುತ್ತಾಳೆ, ಕಿರುಬೆರಳಿನವರೆಗೂ ಪ್ರಯತ್ನಿಸುತ್ತಾಳೆ. ಹೋದ ತಿಂಗಳು ನಾಗಿಯಜ್ಜಿ ನಕ್ಕು ಹೇಳಿರಲಿಲ್ಲವೇ: “ನನ್ನ ಬೆರಳು ಹೊಳೆಗೆ ಬಿದ್ದು ಹೋಯ್ದೆ ತಂಗಿ. ಹುಡುಕಿ ತತ್ತೆ, ಅಷ್ಟರ ತನಕ ಅಕ್ಕಿ ಕೊಡು.”

ಆ ಕೈಗಳಿಂದ ಇಷ್ಟು ಸ್ಪಷ್ಟವಾದ ಗೆರೆ ಬರುವುದು ಎಂದರೇನು?

ಅವಳು ಫೋನಿನಲ್ಲಿ ಫೋಟೋ ತೆಗೆದು, ಎರಡು ಬೆರಳಿನಿಂದ ಹಿಗ್ಗಿಸಿದಳು. ಮೊದಲನೆಯ ಹೆಬ್ಬೆಟ್ಟಿನಲ್ಲಿ ಗೆರೆಗಳನ್ನು ಓರೆಯಾಗಿ ಕತ್ತರಿಸಿದ ಒಂದು ಬಿಳಿ ಗೀಟು. ಹಳೆಯ ಗಾಯದ್ದು. ಎರಡನೆಯದರಲ್ಲೂ ಅದೇ ಗೀಟು. ಹತ್ತನೆಯದರಲ್ಲಿ. ಇಪ್ಪತ್ತಾರನೆಯದರಲ್ಲಿ, ಅಜ್ಜಿ ಗಣಪಿಯ ಹೆಸರಿನ ಮುಂದೆ ಕೂಡ. ನಲವತ್ತೊಂದರಲ್ಲೂ.

ಒಂದೇ ಬೆರಳು.

ಪುಟಗಳನ್ನು ಹಿಂದಕ್ಕೆ ಮಗುಚಿದಳು. ಅರ್ಜಿ ಶುರುವಾಗುವ ಮೊದಲು ಒಂದು ಖಾಲಿ ಹಾಳೆ. ಅದರ ಮೇಲೆ ಮಾಸಲು ಕಲೆಗಳು. ಬೂಷ್ಟು ಹಿಡಿದಿದೆ ಎಂದುಕೊಂಡು ಪಂಚೆಯ ತುಂಡಿನಿಂದ ಒರೆಸಿದಳು. ಹೋಗಲಿಲ್ಲ. ಹಾಳೆಯನ್ನು ಕಿಟಕಿಯ ಬೆಳಕಿಗೆ ಹಿಡಿದಳು.

ಕಲೆಗಳು ಸಾಲಾಗಿದ್ದವು.

ಒಂದರ ಪಕ್ಕ ಒಂದು, ಒಂದರ ಕೆಳಗೆ ಒಂದು. ಮೊಟ್ಟೆಯಾಕಾರದ, ಒಳಗೆ ಗೆರೆಯೇ ಇಲ್ಲದ, ಹೊಳೆಯ ತಳದ ಕಲ್ಲಿನಂತೆ ನುಣುಪಾದ ನೀಲಿ ನೆರಳುಗಳು. ಅವಳು ಎಣಿಸಿದಳು. ನಲವತ್ತೊಂದು.

ಇಲ್ಲಿ ಇನ್ನೊಂದು ಹಾಳೆ ಇತ್ತು. ಮೂವತ್ತು ವರ್ಷ ಈ ಖಾಲಿ ಹಾಳೆಗೆ ಮುಖ ಒತ್ತಿಕೊಂಡು ಕೂತಿತ್ತು. ಅದರ ಶಾಯಿ ಇದಕ್ಕೆ ಇಳಿದಿತ್ತು. ಹಾಳೆ ಹೋಗಿದೆ, ಬೆರಳುಗಳು ಮಾತ್ರ ಇಲ್ಲೇ ನಿಂತಿವೆ.

ಈ ನೆರಳುಗಳನ್ನು ಅವಳು ಬಲ್ಲಳು. ಪ್ರತಿ ಸಲ ಮಿಷನ್ನಿನ ಗಾಜು ಒರೆಸುವ ಮೊದಲು ಅವಳು ನೋಡುವುದು ಇದನ್ನೇ. ಸರಕಾರದ ಮಿಷನ್ನು ‘ಇಲ್ಲ’ ಎನ್ನುವ ಗುರುತು. ಇಡೀ ಕೇರಿಯ ಅಜ್ಜಿಯರು, ಹುಟ್ಟಿದ ವರ್ಷ ಗೊತ್ತಿಲ್ಲದವರು, ಫೋಟೋ ಇಲ್ಲದವರು, ಸುಟ್ಟು ಬೂದಿಯಾದವರು, ಅಲ್ಲಿ ಸಾಲಾಗಿ ಕೈಯೊತ್ತಿ ನಿಂತಿದ್ದರು. ಮೇಲಿಂದ ಇಪ್ಪತ್ತಾರನೆಯ ನೆರಳಿನ ಮೇಲೆ ರಂಜಿತಾ ತನ್ನ ಹೆಬ್ಬೆರಳನ್ನು ತಾಗಿಯೂ ತಾಗದಂತೆ ಇಟ್ಟಳು. ಸರಿಯಾಗಿ ಕೂತಿತು.

ತಲೆ ತಾನಾಗಿ ಬಾಗಿತು. ದೇವಸ್ಥಾನದ ಗರ್ಭಗುಡಿಯ ಎದುರು ನಿಂತಾಗಲೂ ಅವಳಿಗೆ ಹಾಗಾಗಿರಲಿಲ್ಲ.

ಆಮೇಲೆ ಅವಳ ಕಣ್ಣು ಹೊಲಿಗೆಯ ಹತ್ತಿರ ಹೋಯಿತು. ದಾರದ ಪಕ್ಕದಲ್ಲಿ ಹೋದ ಹಾಳೆಗಳ ಅಂಚು ಬೆರಳಗಲ ಉಳಿದಿತ್ತು. ಬ್ಲೇಡಿನಿಂದ ಕತ್ತರಿಸಿದ್ದಲ್ಲ, ಹರಿದದ್ದೂ ಅಲ್ಲ. ಅಂಚು ಹತ್ತಿಯ ಹಾಗೆ ಮೃದುವಾಗಿ, ನೆಟ್ಟಗೆ ಇತ್ತು.

ರಂಜಿತಾ ನಡುವೆ ಸಿಕ್ಕಿಸಲೆಂದು ಕೈಯಲ್ಲಿ ಹಿಡಿದಿದ್ದ ಕ್ಯಾಲೆಂಡರಿನ ಪಟ್ಟಿಯನ್ನು ನೋಡಿದಳು. ಅದರ ಅಂಚು ನೋಡಿದಳು. ಮತ್ತೆ ಕಡತ ನೋಡಿದಳು.

ಮೇಜಿನ ಬಳಿ ಅಕ್ಕೋರು ಇನ್ನೊಂದು ಹಾಳೆ ಮಡಚಿ ಉಗುರಿನಿಂದ ಗೀರುತ್ತಿದ್ದರು. ಮೂವತ್ತಾರು ವರ್ಷ ಮಕ್ಕಳಿಗೆ ಚಿತ್ರ ಬಿಡಿಸುವ ಹಾಳೆ ಹೀಗೇ ಹಂಚಿದ ಕೈ.

“ಅಕ್ಕೋರೇ.”

“ಎಂತ?”

“ಹಾಳೆ ಹೀಗೆ ಹರಿಯೋದು ನಿಮಗೆ ಯಾರು ಕಲಿಸಿದ್ರು?”

“ಟ್ರೇನಿಂಗ್ ಕಾಲೇಜಿನಲ್ಲಿ. ಕತ್ತರಿ ಇಲ್ಲದ ಶಾಲೆಗೆ ಹೋಗ್ತೀರಿ, ಕಲ್ತುಕೊಳ್ಳಿ ಅಂದಿದ್ರು.” ಅಕ್ಕೋರು ತಲೆ ಎತ್ತಲಿಲ್ಲ. “ಎಂತಕ್ಕೆ ಕೇಳಿದೆ?”

ರಂಜಿತಾ ಎದ್ದಳು. ಕಡತ ತಂದು ಮೇಜಿನ ಮೇಲೆ ಬಿಚ್ಚಿಟ್ಟಳು. ಉಳಿದ ಅಂಚಿನ ಪಕ್ಕದಲ್ಲಿ ಕ್ಯಾಲೆಂಡರಿನ ಪಟ್ಟಿಯನ್ನು ಇಟ್ಟಳು.

ಅಕ್ಕೋರ ಕೈ ಗೆರೆಯ ನಡುವೆಯೇ ನಿಂತಿತು.

“ಇಲಿ ತಿಂದಿರಬೇಕು” ಎಂದರು.

“ಇಲಿ ಉಗುಳು ಹಚ್ಚಿ ನೆಟ್ಟಗೆ ತಿಂತದಾ ಅಕ್ಕೋರೇ?”

ಜಗಲಿಯಲ್ಲಿ ಕುಪ್ಪನ ಕತ್ತಿಯ ಸದ್ದು ನಿಂತಿತು.

“ನೀನು ಅಕ್ಕಿ ತೂಗೋ ಹುಡುಗಿ” ಅಕ್ಕೋರ ದನಿ ತರಗತಿಯ ದನಿಯಾಯಿತು. “ನಮ್ಮಪ್ಪನ ಕಾಗದ ಒರೆಸೋಕೆ ಬಂದವಳು. ಒರೆಸು, ಹೋಗು. ಭಾನುವಾರ ದೇವಾಲಯದಲ್ಲಿ ಅಪ್ಪನ ಭಾವಚಿತ್ರ ಅನಾವರಣ ಇದೆ. ಎಲ್ಲೆಲ್ಲಿಂದಲೋ ಜನ ಬರ್ತಾರೆ. ನನಗೆ ನೂರು ಕೆಲಸ ಇದೆ.”

ರಂಜಿತಾ ಕದಲಲಿಲ್ಲ. ಬೇರೆ ದಿನವಾಗಿದ್ದರೆ ತಲೆ ತಗ್ಗಿಸಿ ಮೂಲೆ ಸೇರುತ್ತಿದ್ದಳು. ಆದರೆ ಬೆನ್ನ ಹಿಂದೆ ನಲವತ್ತೊಂದು ಮಂದಿ ನಿಂತ ಹಾಗಿತ್ತು.

“ನಿಮ್ಮ ಬಲಗೈ ತೋರಿಸ್ತೀರಾ?” ಎಂದಳು. ದನಿ ಅವಳಿಗೇ ಸರಿಯಾಗಿ ಕೇಳಿಸಲಿಲ್ಲ.

ಅಕ್ಕೋರು ಬಲಗೈಯನ್ನು ಸೀರೆಯ ಸೆರಗಿನೊಳಗೆ ಸೇರಿಸಿದರು. ಹಾಗೆ ಸೇರಿಸಿದ್ದೇ ಉತ್ತರವಾಯಿತು. ಅದು ಅವರಿಗೂ ತಿಳಿಯಿತು. ಕೊನೆಗೆ ಕೈಯನ್ನು ಹೊರತೆಗೆದು ಕಡತದ ಮೇಲೆ ಅಂಗಾತ ಇಟ್ಟರು. ಹೆಬ್ಬೆರಳಿನ ನಡುವೆ ಓರೆಯಾಗಿ ಬಿಳಿ ಗೀಟು.

“ಈಳಿಗೆ ತಾಗಿದ್ದು” ಎಂದರು. “ಎಂಟು ವರ್ಷದವಳಿದ್ದಾಗ.”

“ಅರ್ಜಿಗೆ ಒತ್ತಿದಾಗ ಎಷ್ಟು ವರ್ಷ?”

“ಹದಿನೈದು.”

ಅಕ್ಕೋರು ಮಾತಾಡತೊಡಗಿದರು. ಐವತ್ತು ವರ್ಷ ಯಾರಿಗೂ ಹೇಳದ್ದನ್ನು ಹೇಳುವವರಿಗೆ ದನಿ ಎತ್ತರಿಸುವ ಅಗತ್ಯ ಇರುವುದಿಲ್ಲ.

“ಅಪ್ಪ ಹೆಂಗಸರನ್ನು ಕರೆದುಕೊಂಡು ಹೋಗಿ ಬೇಲಿ ಹಾಕಿದ್ದ ಹೊಳೆಯ ಕಟ್ಟೆಯ ಮೇಲೆ ಕೂತಿದ್ರು. ಪೊಲೀಸರು ಅಪ್ಪನನ್ನ ಹಿಡ್ಕೊಂಡು ಹೋದ್ರು. ಅವರು ಒಳಗಿದ್ದಾಗಲೇ ಅರ್ಜಿ ವಾಪಸು ಬಂತು. ಕೆಂಪು ಶಾಯಿಯಲ್ಲಿ ಅಡ್ಡಕ್ಕೆ ಬರೆದಿದ್ರು: ಇವು ಹೆಬ್ಬೆಟ್ಟಲ್ಲ, ಬರೀ ಮಸಿ. ಮೂರು ದಿನದೊಳಗೆ ಸರಿಯಾದ ಗುರುತಿನೊಡನೆ ಕೊಡತಕ್ಕದ್ದು.”

“ಮತ್ತೆ?”

“ಅಮ್ಮ ಎಲ್ಲರನ್ನೂ ಮತ್ತೆ ಕರೆಸಿದಳು. ಇದೇ ಜಗಲಿ. ನಾನು ಪ್ಯಾಡ್ ಹಿಡಿದಿದ್ದೆ. ಒಬ್ಬೊಬ್ಬರ ಬೆರಳನ್ನೂ ಸೋಪು ಹಾಕಿ ತಿಕ್ಕಿದೆವು. ಒತ್ತಿದ್ರೆ ಅದೇ ಮಸಿ. ನಿನ್ನಜ್ಜಿ ನನ್ನ ಬೆರಳನ್ನ ಹಿಡಿದು ನೋಡಿ, ‘ಎಷ್ಟು ಚಂದ ರಂಗೋಲಿ ಉಂಟು ಸಣ್ಣಬಾಯಿ ಕೈಯಲ್ಲಿ’ ಅಂದ್ಲು. ಎಲ್ಲ ನಕ್ರು. ನಾಳೆ ಕೊಡದಿದ್ರೆ ಹೊಳೆ ಹೋಗ್ತದೆ ಅಂತ ಗೊತ್ತಿದ್ದೂ ನಕ್ರು.”

ಅಕ್ಕೋರು ತಮ್ಮ ಹೆಬ್ಬೆರಳನ್ನೇ ನೋಡುತ್ತಿದ್ದರು.

“ಅವರೆಲ್ಲ ಹೋದ ಮೇಲೆ ನಾನು ಅರ್ಜಿಯನ್ನ ಹೊಸದಾಗಿ ಬರೆದೆ. ಎರಡು ಪ್ರತಿ. ಎಂಬತ್ತೆರಡು ಸಲ ಒತ್ತಿದೆ. ಅಮ್ಮನಿಗೂ ಹೇಳಲಿಲ್ಲ. ವಾರದ ಮೇಲೆ ಅಪ್ಪ ಬಂದ್ರು. ನನ್ನ ಬೆರಳಿನ ನೀಲಿ ಇನ್ನೂ ಹೋಗಿರಲಿಲ್ಲ. ಊಟಕ್ಕೆ ಕೂತಾಗ ಕೈ ನೋಡಿದ್ರು. ಒಂದು ಮಾತು ಕೇಳಲಿಲ್ಲ. ಪ್ರಾರ್ಥನೆ ಶುರು ಮಾಡಿದ್ರು. ಕೊನೆಗೆ ಆಮೆನ್ ಅನ್ನಲೇ ಇಲ್ಲ. ನಾವೆಲ್ಲ ಕಣ್ಣು ಮುಚ್ಚಿ ಕಾಯ್ತಾ ಕೂತೆವು. ಗಂಜಿ ಆರಿ ಹೋಯ್ತು.”

ಹೊರಗೆ ಹೆದ್ದಾರಿಯ ಲಾರಿಯೊಂದು ಹಾರ್ನ್ ಹೊಡೆದು ಹೋಯಿತು.

“ಆದೇಶ ಬಂತು. ಹೆಂಗಸರು ಹೊಳೆಗಿಳಿದ್ರು. ಅಪ್ಪ ನಿಜ ಹೇಳಿದ್ರೆ ಆದೇಶ ರದ್ದು, ಮಗಳಿಗೆ ಜೈಲು. ಹೇಳಲಿಲ್ಲ. ಅಂಥವರನ್ನ ನಾನು ಸುಳ್ಳುಗಾರ ಮಾಡಿದೆ. ಈಗ ಮತ್ತೆ ಎಲ್ಲರೆದುರು ಮಾಡ್ಲಾ? ಭಾನುವಾರ ಚಿತ್ರದ ಪರದೆ ಸರಿಸಿ, ಸೋಮವಾರ ಕೋರ್ಟಿನಲ್ಲಿ ನಿಂತು, ನಮ್ಮಪ್ಪ ಖೋಟಾ ಕಾಗದ ಇಟ್ಟುಕೊಂಡಿದ್ರು ಅಂತ ಹೇಳ್ಲಾ?”

ರಂಜಿತಾ ಅವರ ಪಕ್ಕದ ಸ್ಟೂಲಿನ ಮೇಲೆ ಕೂತಳು. ಅಕ್ಕೋರ ಎದುರು ಅವಳು ಹಾಗೆ ಕೂತದ್ದು ಅದೇ ಮೊದಲು.

“ಅಕ್ಕೋರೇ, ಸೋಮವಾರ ತಜ್ಞರು ನೋಡಿದ್ರೆ ಒಂದೇ ಬೆರಳು ಅಂತ ಗೊತ್ತಾಗ್ತದೆ. ನೀವು ಹೇಳಿದ್ರೂ ಗೊತ್ತಾಗ್ತದೆ, ಹೇಳದಿದ್ರೂ. ಮೊದಲ ಅರ್ಜಿ ಇಲ್ಲದಿದ್ರೆ, ಆ ನಲವತ್ತೊಂದು ಹೆಂಗಸರು ಇರಲೇ ಇಲ್ಲ, ಎಲ್ಲ ಪಾದ್ರಿ ಕಟ್ಟಿದ ಕತೆ ಅಂತಾರೆ ದೇವರಾಜನವರು. ಮೊದಲ ಅರ್ಜಿ ಇದ್ರೆ, ಹೆಂಗಸರು ಬಂದಿದ್ರು, ಒತ್ತಿದ್ರು, ಕಚೇರಿಯೇ ಅವರ ಬೆರಳನ್ನ ಬೆರಳಲ್ಲ ಅಂದದ್ದು ಅಂತ ಕೆಂಪು ಶಾಯಿಯಲ್ಲೇ ಇದೆ.”

“ಅದು ನಿಮ್ಮ ಹೊಳೆಯ ಮಾತಾಯ್ತು. ನಮ್ಮಪ್ಪನ ಮಾತು?”

ರಂಜಿತಾ ಕಡತದ ಹೊಲಿಗೆಯನ್ನು ಬೆರಳಿನಿಂದ ಸವರಿದಳು.

“ಮೊಹಿದ್ದೀನ್ ಸಾಬರು ನಂಗೆ ಇನ್ನೊಂದು ಮಾತು ಹೇಳಿದ್ರು. ಆವತ್ತು ಅರ್ಥ ಆಗಿರಲಿಲ್ಲ. ಅವರು ಎರಡು ಅರ್ಜಿಗೂ ಬೇರೆ ಬೇರೆ ರಟ್ಟು ಹಾಕೋಣ ಅಂದ್ರಂತೆ. ಅಯ್ನೋರು ಬೇಡ ಅಂದ್ರಂತೆ. ‘ಒಂದೇ ದಾರದಲ್ಲಿ ಹೊಲಿ. ಒಂದನ್ನ ತೆಗೆದ್ರೆ ಇನ್ನೊಂದೂ ಸಡಿಲ ಆಗಬೇಕು. ನೋಡಿದವನಿಗೆ ಇಲ್ಲಿ ಏನೋ ಇತ್ತು ಅಂತ ತಿಳೀಬೇಕು’ ಅಂದ್ರಂತೆ.”

ಅಕ್ಕೋರು ಹೊಲಿಗೆಯ ಕಡೆ ನೋಡಿದರು.

“ಮುಚ್ಚಿಡೋರು ಎರಡನ್ನೂ ಒಟ್ಟಿಗೆ ಹೊಲಿಸ್ತಾರಾ? ಮೊದಲನೆಯದನ್ನ ಅವತ್ತೇ ಒಲೆಗೆ ಹಾಕಿದ್ರೆ ಮುಗೀತಿತ್ತು. ಅವರು ಇಟ್ರು. ಯಾವತ್ತಾದ್ರೂ ಯಾರಾದ್ರೂ ತೆಗೆದು ನೋಡಲಿ ಅಂತ ಇಟ್ರು. ನನ್ನಜ್ಜಿಯ ಬೆರಳು ಅಲ್ಲಿದೆ ಅಂತ ನಂಗೆ ತಿಳೀಲಿ ಅಂತ ಇಟ್ರು.”

ಖಾಲಿ ಹಾಳೆಯನ್ನು ರಂಜಿತಾ ಅವರ ಮುಂದೆ ಸರಿಸಿದಳು. ಕಿಟಕಿಯ ಬಿಸಿಲು ಅದರ ಮೇಲೆ ಬಿದ್ದಿತ್ತು. ಅಕ್ಕೋರು ಕನ್ನಡಕ ಏರಿಸಿದರು. ಮೊದಲು ಅವರಿಗೂ ಕಾಣಲಿಲ್ಲ. ನಂತರ ಕಂಡಿತು. ಒಂದೊಂದೇ ನೆರಳು, ಒಂದೊಂದೇ ಸಾಲು.

“ಅಯ್ಯೋ ದೇವರೇ” ಎಂದರು. ಅದು ಭಯದ ಮಾತಾಗಿರಲಿಲ್ಲ. “ಹಾಳೆ ತೆಗೆದೆ. ಇವರು ಹೋಗಲಿಲ್ಲ.”

ಅವರು ಬಗ್ಗಿ, ಹಣೆಯನ್ನು ಹಾಳೆಯ ಹತ್ತಿರ ತಂದರು. ಎದ್ದಾಗ ಮುಖ ತೊಳೆದಂತಿತ್ತು.

“ನಾನು ಸೋಮವಾರ ಬರ್ತೇನೆ” ಎಂದರು. “ಬೆರಳು ನನ್ನದು ಅಂತ ನಾನೇ ಹೇಳ್ತೇನೆ. ಆದರೆ ರಂಜಿತಾ, ಆ ಹಾಳೆ ಈಗ ನನ್ನ ಹತ್ರ ಇಲ್ಲ.”

“ಸುಟ್ಟುಬಿಟ್ರಾ?”

“ಸುಡೋಕೆ ಕೈ ಬರಲಿಲ್ಲ. ಹೋದ ಮಂಗಳವಾರ ಬಿಸ್ಕತ್ತಿನ ಡಬ್ಬಿಯಲ್ಲಿ ಹಾಕಿ, ಕಲ್ಲು ಕಟ್ಟಿ ಹೊಳೆಬಾಯಿಯಲ್ಲಿ ಬಿಟ್ಟು ಬಾ ಅಂತ ಕುಪ್ಪನ ಕೈಗೆ ಕೊಟ್ಟೆ.”

ಶರಾವತಿ ಸಮುದ್ರ ಸೇರುವಲ್ಲಿ ಬಿದ್ದದ್ದು ಮತ್ತೆ ಸಿಕ್ಕಿದ ದಾಖಲೆಯಿಲ್ಲ.

“ಬಿಡ್ಲಿಲ್ಲ.”

ಇಬ್ಬರೂ ತಿರುಗಿದರು. ಕುಪ್ಪ ಹೊಸ್ತಿಲಲ್ಲಿ ನಿಂತಿದ್ದ. ಕೈಯಲ್ಲಿ ಅರ್ಧ ಸವರಿದ ಗರಿ.

“ನಂಗೆ ಅಕ್ಷರ ಬತ್ತಿಲ್ಲ” ಎಂದ. “ಆದ್ರೆ ಡಬ್ಬಿ ಭಾರ ಕಂಡು ಮುಚ್ಚಳ ತೆಗ್ದೆ. ಮೊದಲನೇ ಬೆರಳು ನನ್ನವ್ವಿದು ಅಂತ ಅಯ್ನೋರು ಒಂದ್ಸಲ ತೋರ್ಸಿದ್ರು. ಅವ್ವಿನ ಹೊಳೆಗೆ ಎಸಿಯೂದು ಹ್ಯಾಂಗೆ ಸಣ್ಣಬಾಯಿ? ಬದುಕಿದ್ದಷ್ಟು ದಿವಸ ಹೊಳೆಲೇ ಇತ್ತು ಅದು. ಸತ್ತ ಮೇಲಾದ್ರೂ ಒಣಗಿ ಇರ್ಲಿ ಅಂದೆ.”

“ಕುಪ್ಪಾ!” ಅಕ್ಕೋರಿಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. “ಹತ್ತು ದಿವಸ ನನ್ನ ಮುಂದೆ ಓಡಾಡ್ತಾ ಒಂದು ಮಾತು ಹೇಳಲಿಲ್ಲವಲ್ಲೋ!”

“ಹೇಳಿದ್ರೆ ಬೈತಿದ್ರಿ.”

“ಎಲ್ಲಿದೆ ಕುಪ್ಪಜ್ಜ?” ರಂಜಿತಾ ಎದ್ದು ನಿಂತಿದ್ದಳು. “ನಿಮ್ಮ ಕೋಣೆಲಾ?”

ಕುಪ್ಪ ಗರಿಯನ್ನು ಕೈಯಿಂದ ಕೈಗೆ ಬದಲಿಸಿದ.

“ಅಲ್ಲಿ ಎಂತಕ್ಕೆ ಇಡ್ಲಿ, ಸೋರ್ತದೆ. ಕೇರಿ ಹೆಂಗಸ್ರ ಕಾಗದ, ಕೇರಿ ಹೆಂಗಸ್ರ ವಕೀಲರಿಗೇ ಕೊಡೂದು ಸಮ ಅಂತ ಕಂಡ್ತು. ಬುಧವಾರ ಬೆಳಿಗ್ಗೆ ಬಸ್ಸು ಹಿಡ್ದು ಕುಮಟೆಗೆ ಹೋದೆ. ಆ ತಂಗಿ ಕೈಲೇ ಕೊಟ್ಟೆ. ವಿನುತಾ ಅಂತೆ ಹೆಸರು. ಚಾ ಕೊಡ್ತು, ಬಸ್ಸಿನ ತನಕ ಬಂದು ಹತ್ತಿಸ್ತು. ಯಾರಿಗೂ ಹೇಳೂದು ಬೇಡ ಅಜ್ಜ ಅಂತು. ಹೇಳ್ಲಿಲ್ಲ.”

ರಂಜಿತಾ ಬೆರಳು ಮಡಚಿ ದಿನ ಎಣಿಸಿದಳು.

ಹೋದ ಬುಧವಾರ. ಇಂದು ಶುಕ್ರವಾರ. ಅಂದರೆ ಒಂಬತ್ತು ದಿನದಿಂದ ಆ ಹಾಳೆಗಳು ವಿನುತಾ ಅವರ ಬೀರುವಿನಲ್ಲಿದ್ದವು. ಅದನ್ನು ಹುಡುಕಲು ರಂಜಿತಾಳನ್ನು ಭಟ್ಕಳಕ್ಕೆ ಕಳಿಸಿದವರು ವಿನುತಾ. ಈ ಮನೆಗೆ ಕಳಿಸಿದವರೂ ಅವರೇ. ಸಿಕ್ಕಿತಾ ಎಂದು ಮೂರು ಹೊತ್ತು ಕೇಳಿದವರು ಅವರೇ. ಹೊಳೆಕೇರಿಯ ಹೆಂಗಸರು ಎರಡು ವರ್ಷದಿಂದ ಮೊದಲ ಬುಟ್ಟಿಯ ಬಳಚು ತಗೊಂಡು ಹೋಗಿ ಮನೆಬಾಗಿಲಿಗೆ ಕೊಟ್ಟು ಬರುತ್ತಿದ್ದ ವಕೀಲೆ. ಹುಡುಕಿಸಿಯೂ ಸಿಗಲಿಲ್ಲ ಎಂದು ತೋರಿಸಿ ಸೋಮವಾರ ಆ ಹಾಳೆ ಕೋರ್ಟಿಗೆ ಬಾರದಿದ್ದರೆ, ಗೆಲ್ಲುವವನು ದೇವರಾಜನೊಬ್ಬನೇ.

“ಅವಳು ನಿಮ್ಮ ಕಡೆಯವಳಲ್ವೇ?” ಅಕ್ಕೋರು ಮೆಲ್ಲಗೆ ಕೇಳಿದರು.

ರಂಜಿತಾ ಫೋನು ತೆಗೆದು ನಂಬರು ಒತ್ತಿದಳು. ಎಲ್ಲರಿಗೂ ಕೇಳುವಂತೆ ಸ್ಪೀಕರಿಗೆ ಹಾಕಿ ಕಡತದ ಪಕ್ಕ ಮೇಜಿನ ಮೇಲೆ ಇಟ್ಟಳು. ಎರಡನೇ ರಿಂಗಿಗೆ ಎತ್ತಿದರು.

“ಹೇಳು ರಂಜಿತಾ. ಸಿಕ್ತಾ?”

“ಹೌದು ಅಕ್ಕ.”

“ಎಲ್ಲಿ?” ದನಿಯಲ್ಲಿ ಒಂದು ಕೂದಲೆಳೆಯಷ್ಟು ತಡ.

“ಕುಪ್ಪಜ್ಜ ಇಲ್ಲೇ ಇದ್ದಾರೆ ಅಕ್ಕ. ಅಕ್ಕೋರೂ ಇದ್ದಾರೆ. ಬುಧವಾರ ಎಲ್ಲಿಗೆ ಹೋಗಿದ್ದೆ ಅಂತ ಅಜ್ಜ ಈಗಷ್ಟೇ ಹೇಳಿದ್ರು.”

ಆ ಕಡೆ ಕುರ್ಚಿಯೊಂದು ಹಿಂದೆ ಸರಿದ ಸದ್ದು. ಬಾಗಿಲು ಹಾಕಿದ ಸದ್ದು. ಆಮೇಲೆ ಏನೂ ಇಲ್ಲ. ಆದರೆ ಫೋನು ಕಟ್ಟಾಗಲಿಲ್ಲ. ಪರದೆಯ ಮೇಲೆ ಸೆಕೆಂಡುಗಳು ಒಂದರ ಹಿಂದೊಂದು ಓಡುತ್ತಲೇ ಇದ್ದವು.

ರಂಜಿತಾ ಮೇಜಿನ ಅಂಚು ಹಿಡಿದು ಬಗ್ಗಿದಳು.

“ವಿನುತಕ್ಕ, ನಮ್ಮ ಅಜ್ಜಿಯರ ಹಾಳೆ ವಾಪಸು ಕೊಡಿ.”